"ಹಲಗಿ ಐತಲ್ಲ, ಡಿಜೆ ಯಾಕ್ರೀ?" ಅಂದವರಿಗೆ ಒಂದು ಉತ್ತರ



ಪೋಸ್ಟು ಉದ್ದ ಐತಿ. ಅರ್ಧಕ್ಕ ಬಿಟ್ಟು ಕಮೆಂಟ್ ಹಾಕಬ್ಯಾಡ್ರಿ. ಪೂರ್ತಿ ಓದಿ, ಆಮೇಲೆ ಬೈರಿ.

ಏಪ್ರಿಲ್ 14ರ ಜಯಂತಿಗೆ ಮುಂಚೆ ಶಾಂತಿ ಸಭೆ ಕರೆದಿದ್ರು. ಎಲ್ಲ ಹಬ್ಬಕ್ಕೂ ಕರೀತಾರ, ಅದರಾಗ ತಕರಾರಿಲ್ಲ. ನಾವು ಏಳು ಮಂದಿ ಹೋಗಿದ್ವಿ. ಮೆರವಣಿಗೆಯ ದಾರಿ, ಸಮಯ, ಸ್ವಯಂಸೇವಕರ ಹೆಸರು ಎಲ್ಲ ಟೈಪ್ ಮಾಡಿ ಒಯ್ದಿದ್ದೆ. ಟೈಪ್ ಮಾಡೋದೇ ನನ್ನ ಹೊಟ್ಟೆಪಾಡು, ಅದರಾಗ ತಪ್ಪು ಸಿಗೂದಿಲ್ಲ. ಕುರ್ಚಿ ಮೇಲೆ ಕುಂತವರು ಹಾಳಿ ತಿರುವಿ, "ಧ್ವನಿವರ್ಧಕ" ಅನ್ನೋ ಸಾಲಿನ ಮೇಲೆ ಪೆನ್ನು ಇಟ್ಟು ಕೇಳಿದ್ರು: "ನಿಮ್ಮವರಿಗೆ ಡಿಜೆ ಯಾಕ್ರೀ? ಹಲಗಿ ಐತಲ್ಲ."

ಸಭೆ ನಕ್ಕಿತು. ನಮ್ಮ ಏಳು ಮಂದಿಯಾಗ ಒಬ್ಬರೂ ನಕ್ಕರು. ನನಗ ನಗು ಬರಲಿಲ್ಲ, ಆ ಹೊತ್ತಿಗೆ ಉತ್ತರಾನೂ ಬರಲಿಲ್ಲ. ಈಗ ಬರಕೊಂಡು ಬಂದೀನಿ.

ಆ ಮಾತಿನ ಅರ್ಥ ಬಿಡಿಸಿ ನೋಡ್ರಿ. ಹಲಗಿ ನಿಮಗ ನಿಮ್ಮ ಜಾತಿ ಕೊಟ್ಟ ಕೆಲಸ, ಅದನ್ನ ಮಾಡ್ರಿ. ಯಂತ್ರ, ಕಂಪ್ಯೂಟರ್, ಸ್ಪೀಕರ್ ನಮ್ಮ ಕಾಲದ್ದು, ಅದಕ್ಕ ಕೈ ಹಾಕಬ್ಯಾಡ್ರಿ. ಅಂದ್ರ ನಮಗೆ ಹಳೇದು, ಅವರಿಗೆ ಹೊಸದು. ಇದೇ ಮಾತನ್ನ ಅವರು ಬಡಿಗ್ಯಾರಿಗೆ, ಕಂಬಾರರಿಗೆ ಹೇಳೂದಿಲ್ಲ. "ನಿಮಗ ಕರೆಂಟಿನ ಗರಗಸ ಯಾಕ್ರೀ" ಅಂತ ಯಾರನ್ನಾದ್ರೂ ಕೇಳ್ಯಾರೇನು?

ಇದನ್ನ ಅವತ್ತು ನಾಲ್ಕು ಸಾಲಿನಾಗ ಬರೆದು ಹಾಕಿದ್ದಕ್ಕೆ ಎರಡು ಥರದ ಕಮೆಂಟ್ ಬಂದ್ವು. ಎರಡೂ ನಮ್ಮವರದೇ. ಒಂದು: "ಬಾಬಾಸಾಹೇಬರು ಓದ್ರಿ ಅಂದ್ರು, ಡಿಜೆ ಮುಂದ ಕುಣೀರಿ ಅನ್ನಲಿಲ್ಲ." ಎರಡು: "ಹಲಗಿ ಗುಲಾಮಗಿರಿಯ ಗುರುತು. ನಮ್ಮ ಹಿರಿಯರು ಬಿಟ್ಟಿದ್ದನ್ನ ನಿಮ್ಮ ಹುಡುಗ್ರು ಮತ್ತೆ ಕಂಪ್ಯೂಟರಿನಾಗ ಯಾಕ ತುಂಬ್ತಾರ?" ಎರಡೂ ಹಗುರದ ಮಾತಲ್ಲ. ಅದಕ್ಕ ಎರಡನೇದರಿಂದ ಶುರು ಮಾಡ್ತೀನಿ.

ನಮ್ಮಪ್ಪ ಹಲಗಿ ಬಾರಿಸ್ತಿದ್ದ. ಊರಾಗ ಯಾರೇ ಸತ್ರೂ ಉಣ್ಣೋ ತಾಟು ಬಿಟ್ಟು ಎದ್ದು ಹೋಗಬೇಕು. ಹೆಣದ ಮುಂದ ಸುಡುಗಾಡ ತನಕ ಬಾರಿಸಬೇಕು. ಡಂಗುರ ಅಂದ್ರ ನಡುರಾತ್ರಿ ಆದ್ರೂ ಸಾರಬೇಕು. ಕೂಲಿ ಅಂತ ಇಲ್ಲ, ಸುಗ್ಗಿಯಾಗ ಕಣಕ್ಕ ಹೋಗಿ ಸೆರಗು ಒಡ್ಡಿ ನಿಂತ್ರ ಒಂದಿಷ್ಟು ಜ್ವಾಳ. ಬಿ. ಕೃಷ್ಣಪ್ಪನವರು ಕಟ್ಟಿದ ಸಂಘರ್ಷ ಸಮಿತಿಯ ಗಾಳಿ ನಮ್ಮ ಕಡೆ ಬೀಸಿದಾಗ, ಒಂದು ಸಭೆ ಕೇಳಿ ಬಂದು ಅಪ್ಪ ಹಲಗಿಯನ್ನ ಗೋಡೆಯ ಗೂಟಕ್ಕ ಹಾಕಿದ. ನಾನಾಗ ಮೂರನೇ ಈಯತ್ತೆ. ಆ ವರ್ಷ ಕಣದಿಂದ ಜ್ವಾಳ ಬರಲಿಲ್ಲ. ಅವ್ವ ಕೂಲಿಗೆ ಪಕ್ಕದೂರಿಗೆ ನಡದು ಹೋದಳು, ಯಾಕಂದ್ರ ನಮ್ಮೂರಾಗ ಯಾರೂ ಕರೀಲಿಲ್ಲ. 1927ರಾಗ ಮಹಾಡದ ಪರಿಷತ್ತಿನಾಗ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡ್ರಿ, ಎಂಜಲು ತುಣುಕು ಬಿಡ್ರಿ ಅಂದಾಗ ಬಿಟ್ಟವರ ಮನಿ ಒಲಿ ಹೆಂಗಿತ್ತು ಅನ್ನೋದು ನನಗ ಪುಸ್ತಕದಿಂದ ಗೊತ್ತಾಗಿದ್ದಲ್ಲ.

ಹಂಗಾಗಿ ಹಲಗಿ ಬಿಟ್ಟವರ ಬಗ್ಗೆ ಒಂದು ಮಾತು ಕೆಳಗ ಮಾಡೂದಿಲ್ಲ ನಾನು. ಆದ್ರ ಅಪ್ಪ ಬಿಟ್ಟಿದ್ದು ಏನನ್ನ? ಬಿಟ್ಟಿ ಚಾಕರಿಯನ್ನ. ಹೆಣದ ಮುಂದ ನಡಿಯೂದನ್ನ. ಕಿವಿಯನ್ನ ಬಿಡಲಿಲ್ಲ, ಕೈಯನ್ನ ಬಿಡಲಿಲ್ಲ. ಹಲಗಿಯನ್ನ ಸುಡಲೂ ಇಲ್ಲ, ಮಾರಲೂ ಇಲ್ಲ. ಇಷ್ಟು ವರ್ಷ ಗೂಟದ ಮೇಲೇ ಇತ್ತು.

ಈಗ ಬಾಗಲಕೋಟಿ ಹೋಳಿ ಹುಣ್ಣಿವಿ ನೆನಸ್ರಿ. ಊರಿಗೂರೇ ಹಲಗಿ ಹಿಡೀತದ. ಎಲ್ಲ ಜಾತಿಯವರು, ಅಂಗಡಿ ಸಾವ್ಕಾರರ ಮಕ್ಕಳು, ಕಾಲೇಜು ಹುಡುಗ್ರು, ಓಣಿ ಓಣಿಗೆ ಹಲಗಿ ಮಜಲು. ಬಣ್ಣದ ಬಂಡಿ ಹೊಂಡತಾವ, ಪೇಪರಿನಾಗ ಫೋಟೊ ಬರತಾವ, "ನಮ್ಮ ಸಂಸ್ಕೃತಿ" ಅಂತ ಹೆಡ್ಡಿಂಗ್ ಬರತದ. ಸಂತೋಷ. ಆದ್ರ ಹೋಳಿ ಮುಗಿದ ಮರುದಿನ ಅದೇ ಹಲಗಿ ಯಾರ ಕೇರಿಗೆ ವಾಪಸ್ ಬರತದ? ಹಬ್ಬದಾಗ ಬಾರಿಸಿದ್ರ ಕಲೆ, ಹೆಣದ ಮುಂದ ಬಾರಿಸಿದ್ರ ಜಾತಿ. 2023ರಾಗ ತಮಟೆಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು, ನಮ್ಮೆಲ್ಲರ ಕಣ್ಣು ತುಂಬಿದ್ವು. ಪ್ರಶಸ್ತಿ ಕಲೆಗೆ ಬಂತು. ಬಾರಿಸೋ ಕೇರಿಗೆ ಮರ್ಯಾದಿ ಇನ್ನೂ ಬರಬೇಕಾಗೇತಿ.

ಈಗ ನಮ್ಮ ಹುಡುಗನ ಕಥಿಗೆ ಬರ್ತೀನಿ. ಹೆಸರು ಬರಿಯೂದಿಲ್ಲ. ಇಪ್ಪತ್ತು ವರ್ಷ, ಐಟಿಐ ಮುಗಿಸ್ಯಾನ, ಹಗಲು ಇಳಕಲ್ಲಿನಾಗ ಗ್ರಾನೈಟ್ ಕೆಲಸ, ರಾತ್ರಿ ಹಳೇ ಲ್ಯಾಪ್‌ಟಾಪಿನ ಮುಂದ ಹಾಡು ಕಟ್ಟತಾನ. ಜಯಂತಿಗೆ ಒಂದು ಟ್ರ್ಯಾಕ್ ಮಾಡಬೇಕು, ಅದರಾಗ ಖರೇ ಹಲಗಿ ಬೇಕು ಅಂತ ಅಪ್ಪನ ಹತ್ರ ಬಂದ. ಅಪ್ಪ ನಾಲ್ಕು ದಿನ ಮಾತಾಡಲಿಲ್ಲ. ಐದನೇ ದಿನ ಕೇಳಿದ, "ಯಾರ ಹೆಣಕ್ಕ?" ಹುಡುಗ ಅಂದ, "ಯಾರ ಹೆಣಕ್ಕೂ ಅಲ್ಲಜ್ಜ, ಬಾಬಾಸಾಹೇಬರ ಮೆರವಣಿಗಿಗೆ." ಅಪ್ಪ ಎದ್ದು ಗೂಟದಿಂದ ಹಲಗಿ ಇಳಿಸಿದ. ಚರ್ಮ ಸಡಿಲಾಗಿತ್ತು. ಕಣಕಿ ಉರಿ ಹಾಕಿ ಕಾಸಿ ಬಿಗಿ ಮಾಡಿ, ಕಾಲು ತಾಸು ಬಾರಿಸಿದ. ನಾನು ಬಾಗಿಲಾಚೆ ನಿಂತಿದ್ದೆ.

ಆಮೇಲೆ ರೆಕಾರ್ಡ್ ಮಾಡಿದ್ದನ್ನ ಸ್ಪೀಕರಿನಾಗ ಕೇಳಿಸಿದ್ರ ಅಪ್ಪ ಮುಖ ಸಿಂಡರಿಸಿದ. "ತಗಡು ಬಡದಂಗ ಕೇಳತದಲ್ಲೋ. ಎದಿ ಎಲ್ಲೈತಿ?"

ಅಲ್ಲಿಂದ ಶುರು ಆಗತದ ಸಬ್‌ಬೇಸ್ ಅನ್ನೋ ವಿದ್ಯೆ. ನಾನು ಬಿಎ ಓದಿದವ, ವಿಜ್ಞಾನ ನನ್ನದಲ್ಲ. ಹುಡುಗ ಹೇಳಿಕೊಟ್ಟಿದ್ದು, ನಾನು ಮತ್ತೆ ಓದಿ ಖಾತ್ರಿ ಮಾಡಿಕೊಂಡಿದ್ದು ಬರೀತೀನಿ. ಡಿಜೆ ಅಂದ್ರ ಬರೀ ಗದ್ದಲ ಅನ್ನೋರು ಇದನ್ನ ಓದಲೇಬೇಕು.

ಮನುಷ್ಯನ ಕಿವಿಗೆ ಕೇಳೋದು ಸೆಕೆಂಡಿಗೆ 20 ಕಂಪನದಿಂದ 20,000 ಕಂಪನದ ತನಕ. ಅದರ ತಳದ 20ರಿಂದ 60 ಹರ್ಟ್ಸ್ ಸುಮಾರಿಗೆ ಸಬ್‌ಬೇಸ್. ಅದು ಕಿವಿಗಿಂತ ಹೆಚ್ಚು ಎದಿಗೆ, ಹೊಟ್ಟಿಗೆ, ಕಾಲಡಿಯ ನೆಲಕ್ಕ ತಿಳೀತದ. 40 ಹರ್ಟ್ಸಿನ ಒಂದು ಅಲೆಯ ಉದ್ದ ಎಂಟೂವರೆ ಮೀಟರ್, ಹತ್ತಿರ ಹತ್ತಿರ 28 ಅಡಿ. ನಮ್ಮ ಕೇರಿಯ ಎಷ್ಟೋ ಮನಿ ಅಷ್ಟು ಉದ್ದ ಇಲ್ಲ! ಒಂದೂವರೆ ಅಡಿಯ ಹಲಗಿಗೆ ಅಷ್ಟು ದೊಡ್ಡ ಅಲೆಯನ್ನ ಬಯಲಿನಾಗ ನೂಕೋ ಶಕ್ತಿ ಇಲ್ಲ. ಹತ್ತಿರ ನಿಂತವರಿಗೆ, ಹೆಗಲಿಗೆ ಹಾಕಿ ಬಾರಿಸೋನಿಗೆ ಅದರ ಗುದ್ದು ಮೈಗೆ ತಿಳೀತದ. ಫೋನಿನ ಸಣ್ಣ ಮೈಕಿಗೆ ಆ ಗುದ್ದು ಸಿಗಲಿಲ್ಲ. ಅಪ್ಪ ಕೇಳಿದ "ಎದಿ" ಅದೇ.

ಹುಡುಗ ಮಾಡಿದ್ದು ಪದರ ಕಟ್ಟೋ ಕೆಲಸ. ಮ್ಯಾಲಿನ ಪದರ ಅಪ್ಪನ ಹಲಗಿ: ಕೋಲು ಚರ್ಮಕ್ಕ ತಾಗೋ ಚಟ್ ಅನ್ನೋ ಸದ್ದು. ನಡುವಿನ ಪದರ 100ರಿಂದ 250 ಹರ್ಟ್ಸಿನ ಸುತ್ತಿನ ದಪ್ಪ ಸದ್ದು, ಮೈ ಇದ್ದಂಗ. ತಳದ ಪದರ ಶುದ್ಧ ಸೈನ್ ಅಲೆ, 55 ಹರ್ಟ್ಸ್, ಯಾವ ಉಪಸ್ವರವೂ ಇಲ್ಲದ ಬರೀ ಮಿಡಿತ. ಹಲಗಿಯ ಪೆಟ್ಟು ಬಿದ್ದಾಗೊಮ್ಮೆ ತಳದ ಅಲೆ ಎದ್ದು ನಿಧಾನ ಇಳೀಬೇಕು. ಮೂರೂ ಪದರ ಬ್ಯಾರೆ ಬ್ಯಾರೆ ಕೇಳಬಾರದು, ಒಂದೇ ಹಲಗಿ ಅನ್ನಿಸಬೇಕು.

ಮೊದಲ ಸಲ ಕೇಳಿಸಿದಾಗ ಅಪ್ಪ ಅಂದಿದ್ದು: "ಪೆಟ್ಟು ಒಂದ್ ಕಡೆ, ಎದಿ ಒಂದ್ ಕಡೆ." ಹುಡುಗ ಪರದೆ ದೊಡ್ಡದು ಮಾಡಿ ನೋಡಿದ. ತಳದ ಅಲೆ ಪೆಟ್ಟಿಗಿಂತ 20 ಮಿಲಿಸೆಕೆಂಡ್ ತಡವಾಗಿ ಏಳತಿತ್ತು. ಒಂದು ಸೆಕೆಂಡಿನ ಐವತ್ತನೇ ಒಂದು ಪಾಲು! ಸರಿ ಮಾಡಿದ ಮ್ಯಾಲೆ ಅಪ್ಪ ಏನೂ ಅನ್ನಲಿಲ್ಲ, ತಲಿ ಆಡಿಸಿದ. ಶಾಲಿ ಕಟ್ಟಿ ಹತ್ತದ ಮನುಷ್ಯ ಅವ. ಆ ಕಿವಿಗೆ ಯಾವ ಕಾಲೇಜಿನ ಸರ್ಟಿಫಿಕೇಟೂ ಇಲ್ಲ. ಬೆಂಕಿಗೆ ಹಿಡಿದು ಚರ್ಮದ ಸ್ವರ ಏರಿಸೋದು, ಎಷ್ಟು ಕಾಸಿದ್ರ ಎಷ್ಟು ಏರತದ, ಯಾವ ಬಯಲಿಗೆ ಯಾವ ಪೆಟ್ಟು ಮುಟ್ಟತದ, ಇದು ಧ್ವನಿ ವಿಜ್ಞಾನ ಅಲ್ಲದೆ ಮತ್ತೇನು? ನಮ್ಮವರ ಕೈಯಾಗ ಇದ್ದಷ್ಟು ದಿನ ಇದಕ್ಕ "ಹೊಲಸು ಕೆಲಸ" ಅಂದ್ರು. ಸ್ಟುಡಿಯೋದಾಗ ಮಾಡಿದ್ರ "ಸೌಂಡ್ ಎಂಜಿನಿಯರಿಂಗ್" ಅಂತಾರ.

ಚೌಡಿಕೆ ನೆನಸ್ರಿ. ಎಲ್ಲಮ್ಮನ ಜೋಗತಿಯರು ತಂತಿ ಬಿಗಿ-ಸಡಿಲ ಮಾಡಿ ಸ್ವರವನ್ನ ಜಾರಿಸೋ ರೀತಿ. ಇವತ್ತು ಹಿಪ್‌ಹಾಪಿನಾಗ ಜಾರೋ ಬೇಸ್ ಕೇಳಿ ಹುಡುಗ್ರು ಹುಚ್ಚಾಗ್ತಾರಲ್ಲ, ಜಾರಿಸೋ ಆ ಯುಕ್ತಿ ನಮ್ಮ ತಾಯಂದಿರ ಕೈಯಾಗ ಮೊದಲಿಂದಲೂ ಇತ್ತು. ದೇವದಾಸಿ ಪದ್ಧತಿ ಹೋಗಬೇಕು, ಅದಕ್ಕ 1982ರ ಕಾಯ್ದೆ ಬಂತು, ನಾವು ಬೀದಿಗಿಳಿದು ಹೋರಾಡಿದ್ವಿ, ಇನ್ನೂ ಹೋರಾಡ್ತೀವಿ. ಆದ್ರ ಪದ್ಧತಿ ಜೊತಿಗೆ ಆ ಕೈಯ ವಿದ್ಯೆಯನ್ನೂ ಹೂಳಬೇಕೇನು?

"ಬಾಬಾಸಾಹೇಬರು ಓದ್ರಿ ಅಂದ್ರು" ಅನ್ನೋ ಅಣ್ಣಂದಿರಿಗೆ ಹೇಳ್ತೀನಿ: ಇದು ಓದಲ್ಲವೇನು? ಆ ಹುಡುಗ ಹರ್ಟ್ಸ್, ಡೆಸಿಬೆಲ್, ಫೇಸ್ ಅಂತ ರಾತ್ರಿ ಎರಡರ ತನಕ ಕುಂತು ಕಲಿತಾನ. ಐಟಿಐದಾಗ ಕಲೀದಿದ್ದನ್ನ ಇಲ್ಲಿ ಕಲಿತಾನ. ಜಮೈಕಾದ ಕಿಂಗ್‌ಸ್ಟನ್ ಊರಾಗ ಕಿಂಗ್ ಟಬ್ಬಿ ಅನ್ನೋ ಮನುಷ್ಯ ಇದ್ದ. ರೇಡಿಯೊ, ಆಂಪ್ಲಿಫಯರ್ ರಿಪೇರಿ ಅವನ ಕಸುಬು. ಬಡ ಕರಿಯರ ಬಡಾವಣೆಯಾಗ ತಾನೇ ಯಂತ್ರ ಬಿಚ್ಚಿ ಕಟ್ಟಿ, ಹಾಡಿನ ಮ್ಯಾಲಿನ ಸದ್ದು ತೆಗೆದು ಬೇಸ್ ಮತ್ತು ಡ್ರಮ್ಮನ್ನ ಮುಂದ ತಂದ. ಡಬ್ ಅನ್ನೋ ಸಂಗೀತ ಹಂಗ ಬೆಳೀತು. 1980ರಾಗ ಜಪಾನಿನ ರೋಲ್ಯಾಂಡ್ ಕಂಪನಿ 808 ಅನ್ನೋ ಡ್ರಮ್ ಯಂತ್ರ ತಂತು, ಖರೇ ಡ್ರಮ್ಮಿನಂಗ ಕೇಳೂದಿಲ್ಲ ಅಂತ ಮಂದಿ ಬೈದ್ರು, 1983ಕ್ಕ ನಿಂತೇ ಹೋತು. ಅಗ್ಗಕ್ಕ ಸಿಕ್ಕ ಹಳೇ ಯಂತ್ರಗಳನ್ನ ಅಮೆರಿಕದ ಕರಿಯ ಹುಡುಗ್ರು ಕೊಂಡು, ಅದರ ಉದ್ದನೆ ಮಿಡಿಯೋ ಬೇಸಿನ ಮ್ಯಾಲೆ ಒಂದು ಸಂಗೀತವನ್ನೇ ಕಟ್ಟಿದ್ರು. ಇವತ್ತು ಜಗತ್ತು ಅದಕ್ಕ ಕುಣೀತದ. ಅವರ ಪ್ಯಾಂಥರ್‌ನಿಂದ ನಾವು 1972ರಾಗ ದಲಿತ ಪ್ಯಾಂಥರ್ ಅನ್ನೋ ಹೆಸರು ತಗೊಂಡ್ವಿ. ಅವರ ಬೇಸಿನಿಂದ ಕಲಿಯಾಕ ನಾಚಿಕೆ ಯಾಕ? ಚೆನ್ನೈನಾಗ ಪಾ. ರಂಜಿತ್ ಮತ್ತು ತೆನ್ಮಾ ಸೇರಿ ಕಟ್ಟಿದ ಕಾಸ್ಟ್‌ಲೆಸ್ ಕಲೆಕ್ಟಿವ್ ನೋಡ್ರಿ. ಗಾನಾ, ರ‍್ಯಾಪ್, ರಾಕ್ ಎಲ್ಲ ಕೂಡಿಸಿ ಜಾತಿಯ ಮಾತನ್ನ ವೇದಿಕೆ ಮ್ಯಾಲೆ ಹೇಳ್ತಾರ.

ಈಗ ಕುರ್ಚಿಯವರ "ಗದ್ದಲ"ದ ವಿಚಾರ. ಕಾನೂನು ಐತಿ, ನಾವು ಒಪ್ಪತೀವಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಹಚ್ಚಂಗಿಲ್ಲ. ವಿಶೇಷ ಹಬ್ಬಗಳಿಗೆ ಸರ್ಕಾರ ನಡುರಾತ್ರಿ 12ರ ತನಕ ಸಡಿಲಿಕೆ ಕೊಡಬಹುದು, ವರ್ಷಕ್ಕ 15 ದಿನ ಮೀರಬಾರದು. ವಸತಿ ಪ್ರದೇಶಕ್ಕ ಹಗಲು 55, ರಾತ್ರಿ 45 ಡೆಸಿಬೆಲ್. ಇದು ಎಲ್ಲ ಜಾತಿಗೂ, ಎಲ್ಲ ದೇವರಿಗೂ ಒಂದೇ ನಿಯಮ. ನಮ್ಮ ಪ್ರಶ್ನೆ ಒಂದೇ: ಮೀಟರ್ ಹಿಡಕೊಂಡು ನಮ್ಮ ಮೆರವಣಿಗೆಗೆ ಬಂದವರು ಉಳಿದ ಮೆರವಣಿಗೆಗಳಿಗೆ ಯಾಕ ಬರೂದಿಲ್ಲ?

ಇನ್ನೊಂದು ಮಾತು, ಇದನ್ನ ನಮ್ಮ ಹುಡುಗ್ರೂ ಕೇಳಬೇಕು. ಆ ಡೆಸಿಬೆಲ್ ಲೆಕ್ಕ "ಎ" ಅನ್ನೋ ತೂಕದ ಲೆಕ್ಕ. ಮನುಷ್ಯನ ಕಿವಿಗೆ ತಳದ ಸದ್ದು ಕಡಿಮಿ ಕೇಳತದ ಅಂತ, ಆ ಮೀಟರ್ 50 ಹರ್ಟ್ಸಿನ ಸದ್ದಿನಾಗ ಸುಮಾರು 30 ಡೆಸಿಬೆಲ್ ಕಳೆದು ತೋರಸತದ. ಅಂದ್ರ ಸಬ್‌ಬೇಸ್ ಮೀಟರಿಗೆ ಹೆಚ್ಚುಕಮ್ಮಿ ಸಿಗೂದೇ ಇಲ್ಲ. ಆದ್ರ ಗೋಡಿ ತೂರಿ ಹೋಗೋದು, ತಗಡಿನ ಚಾವಣಿ ನಡುಗಿಸೋದು ಅದೇ. ಬಾಕ್ಸ್ ಹೊರಡೋದು ನಮ್ಮ ಕೇರಿಯಿಂದ. ಮೊದಲು ನಡುಗೋದು ನಮ್ಮದೇ ತಗಡು, ಬೆಚ್ಚಿ ಬೀಳೋದು ನಮ್ಮದೇ ಬಾಣಂತಿ, ನಮ್ಮದೇ ಮುದುಕ್ರು. "ಮೀಟರಿನಾಗ ಬರಲಿಲ್ಲ" ಅಂತ ಗೆದ್ದೆವು ಅನ್ನಬ್ಯಾಡ್ರಿ. ಬಾಕ್ಸಿನ ಪಕ್ಕ 100 ಡೆಸಿಬೆಲ್ಲಿನಾಗ 15 ನಿಮಿಷ ನಿಂತ್ರ ಆ ದಿನದ ಪಾಲು ಮುಗೀತು, ಅದರ ಮ್ಯಾಲೆ ಕಿವಿಗೆ ಅಪಾಯ. ನಮ್ಮ ಹುಡುಗ್ರು ನಾಲ್ಕು ತಾಸು ಬಾಕ್ಸಿಗೆ ತಲಿ ಕೊಟ್ಟು ನಿಲ್ಲತಾರ. ಅಪ್ಪನ ಆ ಕಿವಿ ಮುಂದಿನ ತಲೆಮಾರಿಗೆ ಉಳೀಬೇಕೋ ಬ್ಯಾಡೋ?

ಅದಕ್ಕ ಬಾಕ್ಸ್ ಹೆಚ್ಚು ಮಾಡೋ ಹುಚ್ಚು ಬಿಟ್ಟು ಸದ್ದು ಕಟ್ಟೋದು ಕಲೀರಿ. ಹುಡುಗ ಹೇಳಿದ್ದನ್ನ ಪಟ್ಟಿ ಮಾಡೀನಿ, ಶೇರ್ ಮಾಡ್ರಿ:

1. ತಳದ ಪದರ ಒಂದೇ ಇರಲಿ. ಹಲಗಿ ರೆಕಾರ್ಡಿನ ತಳದಾಗ ಇರೋ ಗೊರಗೊರ ಸದ್ದನ್ನ 100 ಹರ್ಟ್ಸ್ ಕೆಳಗ ಕತ್ತರಿಸ್ರಿ. ಆ ಜಾಗ ಸೈನ್ ಅಲೆಗೆ ಬಿಡ್ರಿ. ಒಂದೇ ಕುರ್ಚಿ ಮ್ಯಾಲೆ ಇಬ್ಬರು ಕುಂತ್ರ ಇಬ್ಬರೂ ಬೀಳ್ತಾರ.

2. ಎರಡು ಅಲೆ ಎದುರುಬದುರಾದ್ರ, ಒಂದು ಏರುವಾಗ ಇನ್ನೊಂದು ಇಳಿದ್ರ, ಒಂದನ್ನೊಂದು ನುಂಗತಾವ. ಸದ್ದು ಜಾಸ್ತಿ ಹಾಕಿದ್ರೂ ಬೇಸ್ ಬರವಲ್ದು ಅಂದ್ರ ಇದೇ ಕಾರಣ ಇರಬಹುದು. ಒಂದು ಪದರವನ್ನ ತಿರುಗುಮುರುಗು ಮಾಡಿ ಕೇಳಿ ನೋಡ್ರಿ.

3. ತಳದ ಸದ್ದು ಮೋನೊ ಇರಲಿ, ನಡುಮಧ್ಯ. ಎಡ-ಬಲ ಆಟ ಮ್ಯಾಲಿನ ಪದರಕ್ಕ ಸಾಕು.

4. ಬೇಸಿನ ಸ್ವರ ಹಾಡಿನ ಶ್ರುತಿಗೆ ಕೂಡಿರಲಿ. ಶ್ರುತಿ ತಪ್ಪಿದ ಬೇಸ್ ಬರೀ ಭೂಕಂಪ.

5. ಕಿಕ್ ಬಿದ್ದ ಕ್ಷಣ ಉದ್ದನೆ ಬೇಸ್ ತುಸು ತಗ್ಗಲಿ. ಇದಕ್ಕ ಸೈಡ್‌ಚೈನ್ ಅಂತಾರ. ಸಭೆಯಾಗ ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರೋದು, ಅಷ್ಟೇ.

6. 30 ಹರ್ಟ್ಸ್ ಕೆಳಗಿನದು ಕತ್ತರಿಸ್ರಿ. ಬಾಡಿಗಿ ಬಾಕ್ಸಿಗೆ ಅದನ್ನ ಹೊಂಡಸೂ ಶಕ್ತಿ ಇಲ್ಲ, ಸುಮ್ಮನೆ ಕರೆಂಟ್ ತಿಂತದ, ಕೋನ್ ಹರೀತದ.

7. ಫೋನಿನಾಗ 55 ಹರ್ಟ್ಸ್ ಬರೂದಿಲ್ಲ. ಅದಕ್ಕ ನಡುವಿನ ಪದರಕ್ಕ ತುಸು ಸ್ಯಾಚುರೇಶನ್ ಕೊಟ್ಟು 110, 165, 220 ಹರ್ಟ್ಸಿನ ಉಪಸ್ವರ ಎಬ್ಬಿಸ್ರಿ. ಅವನ್ನ ಕೇಳಿ ಮಿದುಳು ಇಲ್ಲದ 55ನ್ನ ತಾನೇ ತುಂಬಿಕೊಳ್ತದ.

8. ಆಂಪ್ಲಿಫಯರ್ ಶಕ್ತಿ ಎರಡುಪಟ್ಟು ಮಾಡಿದ್ರ ಸಿಗೋದು ಬರೀ 3 ಡೆಸಿಬೆಲ್. ಬಾಡಿಗಿ ಮಾತ್ರ ಎರಡುಪಟ್ಟು. ಆ ರೊಕ್ಕದಾಗ ಮಕ್ಕಳಿಗೆ ಪುಸ್ತಕ ತರ್ರಿ.

ಎಫ್ಎಲ್ ಸ್ಟುಡಿಯೊ ಕೊಳ್ಳಾಕ ರೊಕ್ಕ ಇಲ್ಲ ಅಂದ್ರ ಆಡಾಸಿಟಿ, ಎಲ್‌ಎಂಎಂಎಸ್ ಪುಕ್ಕಟೆ ಸಿಗತಾವ. ಪುಕ್ಕಟೆಯೊಳಗೂ ಸೈನ್ ಅಲೆ ಅದೇ ಸೈನ್ ಅಲೆ.

ಕೊನಿಗೆ ಜಯಂತಿ ಏನಾತು ಅಂತ ಕೇಳ್ತೀರಿ. ನಾನು ಗುಮಾಸ್ತ, ನನಗ ಗೊತ್ತಿರೋ ಆಯುಧ ಒಂದೇ, ಅರ್ಜಿ. "ಧ್ವನಿವರ್ಧಕಕ್ಕೆ ಪರವಾನಗಿ ನಿರಾಕರಿಸುವುದಾದರೆ ಕಾರಣವನ್ನು ಲಿಖಿತವಾಗಿ ನೀಡಬೇಕು" ಅಂತ ಒಂದು ಸಾಲು ಬರೆದು ಸ್ವೀಕೃತಿ ಸಹಿ ತಗೊಂಡೆ. "ಹಲಗಿ ಐತಲ್ಲ" ಅಂತ ಬಾಯಿಲೆ ಅನ್ನೋದು ಸಸಾರ, ಹಾಳಿ ಮ್ಯಾಲೆ ಬರಿಯೋದು ಕಷ್ಟ. ಮೂರನೇ ದಿನ ಎರಡು ಬಾಕ್ಸಿಗೆ ಪರವಾನಗಿ ಬಂತು. ಎರಡೇ ಬಾಕ್ಸು. ಆದ್ರ ನೆಲ ಮಿಡೀತು. ರಾತ್ರಿ ಹತ್ತಕ್ಕ ಹತ್ತು ನಿಮಿಷ ಇರುವಾಗ ನಾವೇ ಬಂದ್ ಮಾಡಿದ್ವಿ. ಅಪ್ಪ ಬಾಗಿಲಾಗ ಕುಂತು ಕೇಳಿದ. ಅವನ ಹಲಗಿ ಮುಂದ ಹೆಣ ಇರಲಿಲ್ಲ, ನೀಲಿ ನಿಶಾನಿ ಇತ್ತು.

ಮುಂದಿನ ವರ್ಷಕ್ಕ ನನ್ನ ಬೇಡಿಕೆ ಮೂರು. ಒಂದು, ಟ್ರ್ಯಾಕಿನಾಗ ಹಲಗಿ ಬಾರಿಸಿದವರ ಹೆಸರು ಬರಲಿ, ಕಲಾವಿದರ ಸಂಭಾವನೆ ಸಿಗಲಿ. ಕಣದ ಜ್ವಾಳದ ಲೆಕ್ಕ ನಾವೂ ಮಾಡೋದು ಬ್ಯಾಡ. ಎರಡು, ಸಮುದಾಯ ಭವನದಾಗ ಒಂದು ಕಂಪ್ಯೂಟರ್, ಎರಡು ಒಳ್ಳೆ ಸ್ಪೀಕರ್, ವಾರಕ್ಕೊಂದು ದಿನ ಧ್ವನಿ ಪಾಠ. ಹುಡುಗಿಯರಿಗೂ. ಬಾಕ್ಸ್ ಮುಂದ ಹುಡುಗ್ರಷ್ಟೇ ಕುಣಿಯೋ ಮೆರವಣಿಗೆ ನಮ್ಮದಲ್ಲ. ಮೂರು, ಹತ್ತರ ಗಡುವು ನಾವು ಪಾಲಿಸ್ತೀವಿ, ಎಲ್ಲರಿಂದಲೂ ಪಾಲಿಸ್ರಿ ಅಂತ ಬರವಣಿಗಿಯಾಗ ಕೇಳ್ತೀವಿ.

ಕೂಡಲಸಂಗಮದ ನೆಲ ಇದು. ಕೃಷ್ಣಾ, ಮಲಪ್ರಭಾ ಕೂಡೋ ಜಾಗ. ಬಸವಣ್ಣನ ಹೆಸರು ಹೇಳದೆ ಇಲ್ಲಿ ಯಾವ ಭಾಷಣವೂ ಶುರು ಆಗೂದಿಲ್ಲ. ಹಂಗಾದ್ರ ಶರಣರ ಸಾಲಿನಾಗ ಢಕ್ಕೆಯ ಬೊಮ್ಮಣ್ಣ ಇದ್ದಾನ ಅನ್ನೋದನ್ನೂ ನೆನಪಿಡ್ರಿ. ಢಕ್ಕೆ ಬಾರಿಸೋದು ಅವನ ಕಾಯಕ, ವಾದ್ಯದ ಹೆಸರೇ ಅವನ ಹೆಸರಿನ ಮುಂದ ನಿಂತದ. ಬಾರಿಸೋನೂ ವಚನ ಬರದ. "ನಿನಗ ಢಕ್ಕೆ ಐತಲ್ಲ, ವಚನ ಯಾಕ?" ಅಂತ ಕಲ್ಯಾಣದಾಗ ಅವನನ್ನ ಯಾರೂ ಕೇಳಲಿಲ್ಲ.

ಎಂಟುನೂರು ವರ್ಷದ ಮ್ಯಾಲೆ ನಮ್ಮನ್ನ ಕೇಳ್ತಾರ. ಉತ್ತರ ಇಷ್ಟೇ ಸಾಹೇಬ್ರ: ಹಲಗಿಯೂ ನಮ್ಮದು, ಡಿಜೆಯೂ ನಮ್ಮದು. ಯಾವುದನ್ನ ಎಲ್ಲಿ, ಯಾರ ಮುಂದ ಬಾರಿಸಬೇಕು ಅನ್ನೋದನ್ನ ಇನ್ನ ಮ್ಯಾಲೆ ನಾವು ತೀರ್ಮಾನ ಮಾಡ್ತೀವಿ.

ಜೈ ಭೀಮ್. ಶರಣು ಶರಣಾರ್ಥಿ.